ಸ್ಟೀಮರೋ ಇಸ್ತ್ರಿ ಪೆಟ್ಟಿಗೆಯೋ: ಪುಟ್ಟಿಗೊಂದು ಕಾಗದ

ಕ್ಷೇಮ

ಚಿ|| ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಹೊಸ ಕೆಲಸ, ಬೆಂಗಳೂರಿನ ಬಾಡಿಗೆ ಕೋಣೆ ಎರಡೂ ನಿನಗೆ ಒಗ್ಗಿದವು ಎಂದು ನಿನ್ನಮ್ಮ ಹೇಳಿದಳು. ಬಟ್ಟೆಗೆ ಹಬೆ ಹಾಯಿಸಿ ಸುಕ್ಕು ತೆಗೆಯುವ ಸ್ಟೀಮರ್ ತಗೊಳ್ಳಲೋ ಇಸ್ತ್ರಿ ಪೆಟ್ಟಿಗೆ ತಗೊಳ್ಳಲೋ ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತೀಯ, ಅದಕ್ಕೇ ಕಾಗದ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಒಂದೇ ಕೊಳ್ಳುವುದಾದರೆ ಇಸ್ತ್ರಿ ಪೆಟ್ಟಿಗೆ. ಸ್ಟೀಮರ್ ಕೆಟ್ಟ ಸಾಮಾನೆಂದಲ್ಲ. ನೀನು ಉಡುವ ತೊಡುವ ಬಟ್ಟೆಗೆ ಅದು ಎರಡನೆಯದು, ಅಷ್ಟೆ.

ನನ್ನ ಮಾತನ್ನು ಹಾಗೇ ನಂಬಬೇಡ. ಕಪಾಟಿನ ಬಟ್ಟೆಯನ್ನೆಲ್ಲ ತೆಗೆದು ಹಾಸಿಗೆಯ ಮೇಲೆ ಮೂರು ಗುಡ್ಡೆ ಮಾಡು. ಹತ್ತಿ, ಖಾದಿ, ಲಿನನ್ ಷರ್ಟು, ಕುರ್ತಾ, ಪ್ಯಾಂಟು ಒಂದು ಗುಡ್ಡೆ. ಮೈಮೇಲೆ ಜಾರುವಂಥ ಜಾರ್ಜೆಟ್, ಶಿಫಾನ್, ರೇಯಾನ್, ಪಾಲಿಯೆಸ್ಟರ್ ಎರಡನೆಯದು. ರೇಷ್ಮೆ ಸೀರೆ, ಜರಿ, ಮಖಮಲ್ಲು, ಕಸೂತಿ, ಮಿಣಿಮಿಣಿ ಚಮಕಿ, ಬ್ಲೇಜರ್ ಮೂರನೆಯದು. ಮೊದಲ ಗುಡ್ಡೆ ಅರ್ಧಕ್ಕಿಂತ ದೊಡ್ಡದಿದ್ದರೆ ಇಸ್ತ್ರಿ ಪೆಟ್ಟಿಗೆ. ಎರಡನೆಯದು ದೊಡ್ಡದಿದ್ದು, ಷರ್ಟು ಗಿರ್ಟು ಬೀದಿ ಮೂಲೆಯ ಇಸ್ತ್ರಿ ಅಂಗಡಿಗೇ ಹೋಗುತ್ತದೆ ಎನ್ನುವುದಾದರೆ ಸ್ಟೀಮರ್. ಮೂರನೆಯ ಗುಡ್ಡೆಯನ್ನು ನೋಡಿಕೊಂಡು ಯಾವುದನ್ನೂ ಕೊಳ್ಳಬೇಡ. ಅವು ವರ್ಷಕ್ಕೆ ಹತ್ತು ಸಲ ಹೊರಗೆ ಬರುವ ಬಟ್ಟೆ.

ಯಾಕೆ ಹೀಗೆ ಎನ್ನುವುದು ಬಟ್ಟೆಯ ನಾರಿನಲ್ಲೇ ಇದೆ. ಹತ್ತಿಯ ನಾರಿನೊಳಗೆ ಸೆಲ್ಯುಲೋಸಿನ ಉದ್ದುದ್ದ ಎಳೆಗಳು ಪಕ್ಕಪಕ್ಕದಲ್ಲಿ ಮಲಗಿರುತ್ತವೆ. ಅವನ್ನು ಒಂದಕ್ಕೊಂದು ಹಿಡಿದಿಡುವುದು ಹೈಡ್ರೋಜನ್ ಬಂಧ ಎಂಬ ಸಣ್ಣ ಸಣ್ಣ ಕೊಂಡಿಗಳು. ನೀರು ತಾಗಿದರೆ ಕೊಂಡಿ ಬಿಡುತ್ತದೆ. ನೀರು ಆರುವಾಗ ಬಟ್ಟೆ ಹೇಗೆ ಮುದುರಿತ್ತೋ ಹಾಗೇ ಮತ್ತೆ ಬಿಗಿದುಕೊಳ್ಳುತ್ತದೆ. ಆದ್ದರಿಂದ ಸುಕ್ಕು ತೆಗೆಯಲು ಮೂರು ಬೇಕು: ಕೊಂಡಿ ಸಡಿಲಿಸುವ ತೇವ, ಅದಕ್ಕೆ ಚುರುಕು ಕೊಡುವ ಬಿಸಿ, ಬಟ್ಟೆ ಚಪ್ಪಟೆಯಾಗಿರುವಾಗಲೇ ತೇವವನ್ನು ಆರಿಸಿಬಿಡುವ ಒತ್ತು. ಸ್ಟೀಮರ್ ಮೊದಲ ಎರಡನ್ನು ಕೊಡುತ್ತದೆ, ಮೂರನೆಯದು ಅದರ ಕೈಲಾಗದು. ಅದರ ಹಬೆ 100 ಡಿಗ್ರಿ ಸೆಲ್ಸಿಯಸ್‌ಗೆ ಹೊರಟು ಬಟ್ಟೆಗೆ ತಾಗುವಾಗ ಇನ್ನೂ ತಣಿದಿರುತ್ತದೆ. ಹತ್ತಿಗೆಂದು ತಿರುಗಿಸಿಟ್ಟ ಇಸ್ತ್ರಿ ಪೆಟ್ಟಿಗೆಯ ತಳ ಸುಮಾರು 200 ಡಿಗ್ರಿ ಇರುತ್ತದೆ, ಮೇಲೆ ಕೈಯ ಭಾರ ಬೇರೆ. ಇಸ್ತ್ರಿ ಎಂಬ ಮಾತೇ ಪೋರ್ಚುಗೀಸರ ‘ಎಸ್ತಿರಾರ್’, ಅಂದರೆ ಎಳೆದು ಚಾಚುವುದು, ಎಂಬುದರಿಂದ ಬಂದದ್ದು ಎನ್ನುತ್ತಾರೆ. ಎಳೆಯದೆ, ಒತ್ತದೆ ಹತ್ತಿ ಬಗ್ಗುವುದಿಲ್ಲ. ಇದ್ದಿಲು ತುಂಬುವ ಹಳೇ ಪೆಟ್ಟಿಗೆ ಐದು ಕಿಲೋಗೂ ಮಿಕ್ಕಿ ತೂಗುತ್ತಿತ್ತಲ್ಲ, ಅಂಗಡಿಯ ಷರ್ಟು ಕಾಗದದ ಹಾಗೆ ಬರುತ್ತಿದ್ದ ಗುಟ್ಟು ಅದೇ.

ಪಾಲಿಯೆಸ್ಟರಿನ ಕಥೆ ಬೇರೆ. 70-80 ಡಿಗ್ರಿಗೇ ಅದು ಮೆತ್ತಗಾಗುತ್ತದೆ, ಹಬೆಯಷ್ಟು ಬಿಸಿ ಧಾರಾಳ ಸಾಕು. ರೇಯಾನ್ ಒದ್ದೆಯಾದರೆ ಸೋತುಹೋಗುವ ನಾರು, ತನ್ನ ಭಾರಕ್ಕೆ ತಾನೇ ಇಳಿದು ನೆಟ್ಟಗಾಗುತ್ತದೆ. ಸ್ಟೀಮರ್ ಜಾಹೀರಾತಿನಲ್ಲಿ ಒಂದೇ ಸಲ ಸವರಿದ್ದಕ್ಕೆ ಸುಕ್ಕು ಮಾಯವಾಗುವ ಬಟ್ಟೆ ಯಾವುದೆಂದು ಗಮನಿಸಿ ನೋಡು. ಗಂಜಿ ಹಾಕಿದ ಹತ್ತಿ ಷರ್ಟನ್ನು ಅವರು ತೋರಿಸುವುದಿಲ್ಲ.

ಗಂಜಿ ಎಂದಾಗ ನೆನಪಾಯಿತು. ಗಂಜಿ ಹಾಕಿದ ಉಡುಪಿ ಸೀರೆ, ಖಾದಿ ಕುರ್ತಾ, ಪಂಚೆ, ಇವಕ್ಕೆ ಸ್ಟೀಮರ್ ಹಿಡಿಯಲೇಬೇಡ. ಹಬೆಗೆ ಗಂಜಿ ಮೆತ್ತಗಾಗಿ ಗರಿಗರಿಯೆಲ್ಲ ಇಳಿದು, ಸೀರೆ ನಿನ್ನೆ ಉಟ್ಟು ಬಿಟ್ಟದ್ದರ ಹಾಗೆ ಜೋಲುತ್ತದೆ. ಅದಕ್ಕೆ ಹಬೆಯಿಲ್ಲದ ಇಸ್ತ್ರಿಯೇ ಸರಿ: ನೀರು ಚಿಮುಕಿಸಿ, ಸುರುಳಿ ಸುತ್ತಿ, 15-20 ನಿಮಿಷ ಬಿಟ್ಟು, ತೇವ ಎಲ್ಲ ಕಡೆ ಸಮನಾಗಿ ಹರಡಿದ ಮೇಲೆ ತಿಕ್ಕಬೇಕು. ಗಂಜಿ ಗಂಟು ಗಂಟಾಗಿದ್ದರೆ ತಳಕ್ಕೆ ಹತ್ತಿ ಕಂದು ಬಣ್ಣಕ್ಕೆ ತಿರುಗಿ, ಮುಂದಿನ ಬಿಳಿ ಬಟ್ಟೆಗೆ ಬರೆ ಎಳೆದ ಹಾಗೆ ಅಂಟುತ್ತದೆ. ಗಂಜಿಯನ್ನು ಸೋಸಿಯೇ ಹಾಕಬೇಕು.

ಇನ್ನು ಯಾವ ಇಸ್ತ್ರಿ ಪೆಟ್ಟಿಗೆ? ಅಂಗಡಿಗೆ ಹೋಗುವ ಮುಂಚೆ ಕೋಣೆಯ ಸಾಕೆಟ್ ನೋಡು. ಸಣ್ಣ ತೂತಿನ ಸಾಕೆಟ್ಟು 6 ಆಂಪಿಯರಿನದು, ದಪ್ಪ ತೂತಿನದು 16 ಆಂಪಿಯರಿನದು. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. 6 ಆಂಪಿಯರಿನಿಂದ ಗುಣಿಸಿದರೆ 1380 ವಾಟ್. ಸಣ್ಣ ಸಾಕೆಟ್ಟು ತಡೆಯುವುದು ಅಷ್ಟೇ. 1000 ವಾಟಿನ ಸಾದಾ ಇಸ್ತ್ರಿ ಪೆಟ್ಟಿಗೆ, 1200-1250 ವಾಟಿನ ಸ್ಟೀಮ್ ಐರನ್, ಅಂದರೆ ಹಬೆಯನ್ನೂ ಬಿಡುವ ಇಸ್ತ್ರಿ ಪೆಟ್ಟಿಗೆ, ಅದರಲ್ಲಿ ನಡೆಯುತ್ತವೆ. 1500 ವಾಟಿನ ಕೈ ಸ್ಟೀಮರ್ ಆರೂವರೆ ಆಂಪಿಯರ್ ಎಳೆಯುತ್ತದೆ. 1800-2000 ವಾಟಿನ ನಿಲ್ಲಿಸುವ ಸ್ಟೀಮರಿಗೂ ದೊಡ್ಡ ಸ್ಟೀಮ್ ಐರನ್ನಿಗೂ ದಪ್ಪ ಸಾಕೆಟ್ಟೇ ಬೇಕು. ಬಾಡಿಗೆ ಕೋಣೆಗಳಲ್ಲಿ ದಪ್ಪ ಸಾಕೆಟ್ಟು ಇರುವುದು ಸಾಮಾನ್ಯವಾಗಿ ಬಚ್ಚಲಿನ ಗೀಸರಿಗೋ ಏಸಿಗೋ. ಇಪ್ಪತ್ತು ರೂಪಾಯಿಯ ಅಡಾಪ್ಟರ್ ಸಿಕ್ಕಿಸಿ ದಪ್ಪ ಪ್ಲಗ್ಗನ್ನು ಸಣ್ಣ ತೂತಿಗೆ ಇಳಿಸುವ ಬುದ್ಧಿ ಬೇಡ. ಮೊದಲು ಸಾಕೆಟ್ಟು ಬೆಚ್ಚಗಾಗುತ್ತದೆ, ಆಮೇಲೆ ಪ್ಲಾಸ್ಟಿಕ್ ಹಳದಿಯಾಗುತ್ತದೆ, ಕೊನೆಗೆ ಸುಟ್ಟ ವಾಸನೆ. ಎಕ್ಸ್‌ಟೆನ್ಷನ್ ಬಾಕ್ಸಿಗೂ ಇದೇ ಮಾತು. ಅದರ ವೈರು ಸುರುಳಿ ಸುತ್ತಿಕೊಂಡಿದ್ದರಂತೂ ಬಿಸಿ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ.

ಪೆಟ್ಟಿಗೆಗೆ ಮೂರು ಪಿನ್ನಿನ ಪ್ಲಗ್ ಇರಲಿ, ಐಎಸ್‌ಐ ಗುರುತು ಇರಲಿ. ನಮ್ಮ ದೇಶದಲ್ಲಿ ವಿದ್ಯುತ್ ಇಸ್ತ್ರಿ ಪೆಟ್ಟಿಗೆಗೆ ಆ ಗುರುತು ಕಡ್ಡಾಯ. ಮೂರನೆಯ ಪಿನ್ನು ಅಲಂಕಾರಕ್ಕಲ್ಲ: ಒಳಗಿನ ತಂತಿ ಸವೆದು ಲೋಹದ ಮೈಗೆ ತಾಗಿದರೆ ಕರೆಂಟು ನಿನ್ನ ಕೈಗಿಂತ ಮೊದಲು ಅದರ ಮೂಲಕ ನೆಲಕ್ಕೆ ಹೋಗಬೇಕು. ವೈರು ಸವೆಯುವುದು ಹೆಚ್ಚಾಗಿ ಹಿಡಿಯ ಬುಡದಲ್ಲಿ, ಅದು ತಿರುಗುವ ಕಡೆ. ತಿಂಗಳಿಗೊಮ್ಮೆ ಅಲ್ಲಿ ಬೆರಳಾಡಿಸಿ ನೋಡು, ಪ್ಲಗ್ ಕಿತ್ತ ಮೇಲೆ. ಕೆಲಸ ಮುಗಿದ ತಕ್ಷಣ ಬಿಸಿ ಪೆಟ್ಟಿಗೆಯ ಸುತ್ತ ವೈರು ಸುತ್ತುವ ಅಭ್ಯಾಸವೇ ವೈರಿನ ಮುಕ್ಕಾಲು ಆಯಸ್ಸು ತಿನ್ನುತ್ತದೆ.

ನನ್ನ ಆಯ್ಕೆ: 1200-1250 ವಾಟಿನ ಸ್ಟೀಮ್ ಐರನ್, ನೆಟ್ಟಗೆ ಹಿಡಿದಾಗಲೂ ಹಬೆ ಬಿಡುವಂಥದ್ದು. ಕೊಳ್ಳುವ ಮುಂಚೆ ಈ ಒಂದನ್ನು ಕೇಳಿಯೇ ಕೊಳ್ಳು, ಎಲ್ಲ ಮಾದರಿಗಳಲ್ಲೂ ಇರುವುದಿಲ್ಲ. ಹಾಗೆ ಬಿಡುವುದಾದರೆ ಹ್ಯಾಂಗರಿಗೆ ಹಾಕಿದ ಜಾರ್ಜೆಟ್ ಕುರ್ತಾದ ಮುಂದೆ ಒಂದು ಗೇಣು ದೂರದಲ್ಲಿ ಹಿಡಿದು ಒಂದೆರಡು ಸಲ ಹಬೆ ಹಾಯಿಸಿದರೆ ಸ್ಟೀಮರಿನ ಬಹುಪಾಲು ಕೆಲಸ ಆಗಿಹೋಯಿತು. ಅಷ್ಟು ದುಡ್ಡು ಈಗ ಬೇಡ ಎನಿಸಿದರೆ 1000 ವಾಟಿನ ಸಾದಾ ಪೆಟ್ಟಿಗೆಯೂ ಒಂದು ಸ್ಪ್ರೇ ಬಾಟಲಿಯೂ ಸಾಕು. ಸಾದಾ ಪೆಟ್ಟಿಗೆ ಕೆಡುವುದು ಕಡಿಮೆ, ಒಳಗೆ ಹರಿಯುವ ನೀರೇ ಇಲ್ಲವಲ್ಲ. ತೀರಾ ಹಗುರದ್ದನ್ನು ಮಾತ್ರ ತರಬೇಡ. ಒಂದು ಕಿಲೋ ಆಸುಪಾಸು ತೂಗಿದರೆ ಕೈಯೂ ಸೋಲುವುದಿಲ್ಲ, ಹತ್ತಿಯೂ ಮಾತು ಕೇಳುತ್ತದೆ.

ಬಟ್ಟೆಯ ಒಳಗೆ ಹೊಲಿದ ಚೀಟಿಯಲ್ಲಿ ಪುಟ್ಟ ಇಸ್ತ್ರಿ ಪೆಟ್ಟಿಗೆಯ ಚಿತ್ರವಿರುತ್ತದೆ, ಒಳಗೆ ಚುಕ್ಕೆಗಳು. ಒಂದು ಚುಕ್ಕೆ ಸುಮಾರು 110 ಡಿಗ್ರಿ: ನೈಲಾನ್, ಅಕ್ರಿಲಿಕ್. ಎರಡು ಚುಕ್ಕೆ ಸುಮಾರು 150: ಉಣ್ಣೆ, ಪಾಲಿಯೆಸ್ಟರ್ ಬೆರೆತದ್ದು. ಮೂರು ಚುಕ್ಕೆ ಸುಮಾರು 200: ಹತ್ತಿ, ಲಿನನ್. ಪೆಟ್ಟಿಗೆಯ ಕೆಳಗಿನ ಹಬೆಯ ಗೆರೆಗಳಿಗೆ ಅಡ್ಡಗೆರೆ ಹೊಡೆದಿದ್ದರೆ ಹಬೆ ಬೇಡ ಎಂದರ್ಥ. ಪೆಟ್ಟಿಗೆಗೇ ಹೊಡೆದಿದ್ದರೆ ಇಸ್ತ್ರಿಯೇ ಬೇಡ. ಗುಡ್ಡೆಯಲ್ಲಿ ಯಾವಾಗಲೂ ಕಡಿಮೆ ಚುಕ್ಕೆಯ ಬಟ್ಟೆಯಿಂದ ಶುರುಮಾಡು. ಪೆಟ್ಟಿಗೆ ಕಾಯುವುದು ಎರಡು ಮೂರು ನಿಮಿಷದಲ್ಲಿ, ತಣಿಯಲು ಅದರ ಎಷ್ಟೋ ಪಟ್ಟು ಹೊತ್ತು ಬೇಕು. ಲಿನನ್ ಮುಗಿಸಿ, ಗುಂಡಿ ಹಿಂದಕ್ಕೆ ತಿರುಗಿಸಿ, ಅರೆಗಳಿಗೆಯಲ್ಲೇ ನೈಲಾನ್ ಮುಟ್ಟಿದವರು ಕಳೆದುಕೊಳ್ಳುವ ಬಟ್ಟೆಗೆ ಲೆಕ್ಕವಿಲ್ಲ.

ಷರ್ಟಿಗೆ ಒಂದು ಕ್ರಮವಿದೆ. ಮೊದಲು ಕಾಲರು, ಅದೂ ಒಳಮೈಯಿಂದ, ಎರಡು ತುದಿಗಳಿಂದ ನಡುವಿಗೆ. ನಡುವಿನಿಂದ ತುದಿಗೆ ತಿಕ್ಕಿದರೆ ಹೆಚ್ಚುವರಿ ಬಟ್ಟೆಯೆಲ್ಲ ತುದಿಗೆ ಹೋಗಿ ಅಲ್ಲೊಂದು ಸಣ್ಣ ನೆರಿಗೆ ಕೂತುಬಿಡುತ್ತದೆ. ಆಮೇಲೆ ಹೆಗಲ ಪಟ್ಟಿ, ಕಫ್, ತೋಳು. ತೋಳನ್ನು ಅಡಿಯ ಹೊಲಿಗೆಗೆ ಸರಿಯಾಗಿ ಮಡಿಚಿಕೊಂಡರೆ ಮೇಲೆ ಎರಡು ಗೆರೆ ಬೀಳುವುದಿಲ್ಲ. ಬೆನ್ನು ಮತ್ತು ಮುಂಭಾಗ ಕೊನೆಗೆ. ದೊಡ್ಡ ಭಾಗವನ್ನು ಮೊದಲು ಮಾಡಿದರೆ ಕಾಲರು ತಿಕ್ಕುವಷ್ಟರಲ್ಲಿ ಅದು ಮೇಜಿನಿಂದ ಜೋಲಿ ಮತ್ತೆ ಮುದುರಿರುತ್ತದೆ. ಗುಂಡಿಯ ಮೇಲೆ ಪೆಟ್ಟಿಗೆ ಹತ್ತಿಸಬೇಡ, ಮೂಗಿನ ತುದಿಯಿಂದ ಸುತ್ತ ಹೋಗು. ಬಟ್ಟೆ ಕೈಗೆ ತುಸು ತಂಪಾಗಿ ತಾಗುವಷ್ಟು ತೇವವಿದ್ದರೆ ಒಂದು ಷರ್ಟಿಗೆ ಐದು ನಿಮಿಷ ಸಾಕು. ಕಡಕ್ಕಾಗಿ ಒಣಗಿದ ಹತ್ತಿಯ ಮೇಲೆ ಎಷ್ಟು ತಿಕ್ಕಿದರೂ ತೋಳು ನೋವೇ ಲಾಭ. ಅದೇ ಷರ್ಟನ್ನು ಸ್ಟೀಮರಿನಲ್ಲಿ ಮಾಡಿದರೆ ಹೊತ್ತೂ ಅಷ್ಟೇ ಹಿಡಿಯುತ್ತದೆ, ಮೈಭಾಗ ಪರವಾಗಿಲ್ಲ ಎನ್ನುವಂತಾಗುತ್ತದೆ, ಕಾಲರು ಮತ್ತು ಗುಂಡಿಪಟ್ಟಿ ಮಾತ್ರ ಮುನಿಸಿಕೊಂಡ ಮಗುವಿನ ಮುಖದ ಹಾಗೇ ಉಳಿಯುತ್ತದೆ. ಪ್ಯಾಂಟಿನ ಗೆರೆಯ ಆಸೆ ಬಿಟ್ಟುಬಿಡು.

ಮೇಜಿಲ್ಲದವರು ಹಾಸಿಗೆಯ ಮೇಲೆ ಇಸ್ತ್ರಿ ಮಾಡುವುದುಂಟು. ಫೋಮ್ ಹಾಸಿಗೆ ಒತ್ತಿದಲ್ಲಿ ಕುಸಿಯುತ್ತದೆ, ಕೈಯ ಭಾರವೆಲ್ಲ ಅದಕ್ಕೇ ದಾನ. ಹಾಸಿದ ಚಾದರ ಪಾಲಿಯೆಸ್ಟರಿನದಾದರೆ ಅದೂ ತಳಕ್ಕೆ ಅಂಟೀತು. ನೆಲದ ಮೇಲೋ ಗಟ್ಟಿ ಮೇಜಿನ ಮೇಲೋ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ, ಮೇಲೆ ಹಳೇ ಹತ್ತಿ ಪಂಚೆ ಹಾಸಿಕೋ.

ಈಗ ನಿನ್ನ ನಿಜವಾದ ಭಯಕ್ಕೆ ಬರೋಣ. ಅಮ್ಮ ಕೊಟ್ಟ ಮೈಸೂರು ರೇಷ್ಮೆ ಸೀರೆಗೆ ಸ್ಟೀಮರೇ ಕ್ಷೇಮ ಎಂದು ಯಾರೋ ಹೇಳಿದ್ದಾರೆ ಎಂದೆಯಲ್ಲ, ಅದರಲ್ಲಿ ಅರ್ಧ ಮಾತ್ರ ನಿಜ. ಹಬೆ ರೇಷ್ಮೆಯನ್ನು ಸುಡುವುದಿಲ್ಲ, ಸರಿ. ಆದರೆ ಸ್ಟೀಮರು ಹಬೆಯ ಜೊತೆ ಹನಿಯನ್ನೂ ಉಗುಳುತ್ತದೆ. ರೇಷ್ಮೆಯ ಮೇಲೆ ಬಿದ್ದ ಹನಿ ಆರುವಾಗ ಬಟ್ಟೆಯ ಮೆರುಗನ್ನೂ ನೀರಿನ ಲವಣವನ್ನೂ ಅಂಚಿಗೆ ತಳ್ಳಿ ಉಂಗುರದಂಥ ಕಲೆ ಬಿಡುತ್ತದೆ. ಅದೂ ಅಲ್ಲದೆ ಮೈಸೂರು ರೇಷ್ಮೆ ಕ್ರೇಪ್ ಬಟ್ಟೆ. ಅದರ ನೂಲನ್ನು ಬಿಗಿಯಾಗಿ ಹುರಿ ಮಾಡಿರುತ್ತಾರೆ. ಆ ಹುರಿಗೆ ಒಂದೇ ಕಡೆ ನೀರು ಕುಡಿಸಿದರೆ ಅಲ್ಲಷ್ಟೇ ಎಳೆದುಕೊಂಡು ಬಟ್ಟೆ ಸೊಟ್ಟಗಾಗುತ್ತದೆ. 1912ರಲ್ಲಿ ಮೈಸೂರಿನಲ್ಲಿ ಶುರುವಾದ ರೇಷ್ಮೆ ನೇಯುವ ಕಾರ್ಖಾನೆಯ ಸೀರೆಯ ಜರಿ ಅಸಲಿ, ಚಿನ್ನದ ಲೇಪದ ಬೆಳ್ಳಿ. ಬಿಸಿಗೆ ಅದು ಕರಗುವುದಿಲ್ಲ. ಅದರ ಶತ್ರು ಮಡಿಕೆ. ಒಂದೇ ಜಾಗದಲ್ಲಿ ಗೆರೆ ಬರುವಂತೆ ಒತ್ತಿ ಒತ್ತಿ ಇಸ್ತ್ರಿ ಮಾಡಿ ಮಡಿಚಿಟ್ಟರೆ ಜರಿಯ ಲೋಹ ಅಲ್ಲೇ ಸೀಳುತ್ತದೆ.

ಹಾಗಾದರೆ ಏನು ಮಾಡುವುದು? ಸೀರೆಯ ಒಳಮೈ ಮೇಲೆ ಮಾಡಿ ಹಾಸು. ಅದರ ಮೇಲೆ ತೆಳ್ಳನೆಯ ಒಣ ಹತ್ತಿ ಬಟ್ಟೆ. ಮಲ್ಲಿನ ಪಂಚೆ ಇದ್ದರೆ ಬಹಳ ಒಳ್ಳೆಯದು. ಗುಂಡಿ ಸಿಲ್ಕ್ ಎಂಬಲ್ಲಿಗೆ, ಹಬೆ ಬಂದ್. ಪೆಟ್ಟಿಗೆಯನ್ನು ಎಳೆದಾಡದೆ ಇಟ್ಟು ಎತ್ತು, ಇಟ್ಟು ಎತ್ತು. ಒಂದು ಜಾಗದಲ್ಲಿ ಎರಡು ಮೂರು ಸೆಕೆಂಡಿಗಿಂತ ನಿಲ್ಲಿಸಬೇಡ. ಮಡಿಕೆಯ ಗೆರೆಯನ್ನು ಇಸ್ತ್ರಿಯಿಂದ ಕೂರಿಸಬೇಡ, ಕೈಯಲ್ಲೇ ಮಡಿಚು. ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ ಬೇರೆ ಗೆರೆಯಲ್ಲಿ ಮಡಿಚಿಡು. ಸ್ಟೀಮರು ಇದ್ದು ಅದನ್ನೇ ಹಿಡಿಯುತ್ತೇನೆ ಎಂದರೆ ಮೊದಲ ಅರ್ಧ ನಿಮಿಷದ ಹಬೆಯನ್ನು ಬಚ್ಚಲ ಕಡೆ ಬಿಟ್ಟು, ಹನಿ ನಿಂತ ಮೇಲೆ, ಒಳಮೈ ಕಡೆಯಿಂದ ಒಂದು ಗೇಣು ದೂರದಲ್ಲಿ ಸರಸರ ಹಾಯಿಸು. ಎಲ್ಲಕ್ಕೂ ಮೊದಲು ಒಳಗೆ ಸಿಕ್ಕಿಸುವ ತುದಿಯಲ್ಲಿ ಅಂಗೈಯಗಲ ಪರೀಕ್ಷೆ ಮಾಡಿ ನೋಡು.

ಅಜ್ಜಿಯ ಇಳಕಲ್ ಸೀರೆಗೆ ಇನ್ನೊಂದು ಸೂಕ್ಷ್ಮವಿದೆ. ಅದರ ಒಡಲು ಹತ್ತಿ, ಸೆರಗು ರೇಷ್ಮೆ ಅಥವಾ ಕೃತಕ ರೇಷ್ಮೆ, ಎರಡನ್ನೂ ತೋಪುತೆನೆ ಎಂಬ ಕೊಂಡಿ ಹಾಕಿ ಮಗ್ಗದ ಮೇಲೇ ಜೋಡಿಸಿರುತ್ತಾರೆ. ಒಂದೇ ಸೀರೆಗೆ ಎರಡು ಬಿಸಿ ಬೇಕು. ಪೆಟ್ಟಿಗೆ ಇನ್ನೂ ಕಾಯುತ್ತಿರುವಾಗ, ಸಿಲ್ಕ್ ಗುರುತಿನಲ್ಲಿಟ್ಟು ಸೆರಗು ಮುಗಿಸು. ಆಮೇಲೆ ಗುಂಡಿ ಏರಿಸಿ ಒಡಲಿಗೆ ಬಾ. ಜೋಡಣೆಯ ಗೆರೆಯ ಮೇಲೆ ಕಡಿಮೆ ಬಿಸಿಯೇ ಇರಲಿ.

ಜರಿ ಅಸಲಿಯೋ ನಕಲಿಯೋ ತಿಳಿಯದಿದ್ದರೆ ನಕಲಿ ಎಂದೇ ಇಟ್ಟುಕೋ. ಕಡಿಮೆ ಬೆಲೆಯ ಪಂಚೆ, ಶಲ್ಯ, ಸೀರೆಗಳ ಜರಿ ಹೊಳಪು ಹಚ್ಚಿದ ಪಾಲಿಯೆಸ್ಟರ್ ಪಟ್ಟಿ. ಹತ್ತಿಯ ಬಿಸಿಯಲ್ಲಿ ಪಂಚೆ ತಿಕ್ಕುತ್ತ ಅಂಚಿಗೆ ಬಂದರೆ ಅದು ಸುರುಟಿಕೊಂಡು ಇಡೀ ಅಂಚು ಅಲೆಅಲೆಯಾಗುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ. ಒಡಲು ಒಂದು ಬಿಸಿಯಲ್ಲಿ, ಅಂಚು ಬಟ್ಟೆ ಮುಚ್ಚಿ ಇನ್ನೊಂದು ಬಿಸಿಯಲ್ಲಿ.

ಸ್ಟೀಮರಿಗೆ ಸಾಟಿಯಿಲ್ಲದ ಜಾಗಗಳೂ ಇವೆ, ಅದನ್ನು ಹೇಳದಿದ್ದರೆ ಅನ್ಯಾಯ. ಮಖಮಲ್ಲು: ಪೆಟ್ಟಿಗೆ ಇಟ್ಟರೆ ಅದರ ನವಿರು ರೋಮ ಮಲಗಿ ತಳದ ಅಚ್ಚು ಮೂಡುತ್ತದೆ, ಹಬೆಗೆ ರೋಮ ಎದ್ದು ನಿಲ್ಲುತ್ತದೆ. ಚಮಕಿ, ಮಣಿ ಕೂರಿಸಿದ ರವಿಕೆ, ಅದೂ ಒಳಮೈ ಕಡೆಯಿಂದ ದೂರ ಹಿಡಿದು. ಬ್ಲೇಜರು, ಉಣ್ಣೆ ಕೋಟು. ತೂಗುಹಾಕಿದ ಕಿಟಕಿ ಪರದೆ. ನೆರಿಗೆ ನೆರಿಗೆಯ ಫ್ರಾಕು, ಅನಾರ್ಕಲಿ. ಅವನ್ನು ಹಾಸಿ ಒಂದು ನೆರಿಗೆ ಬಿಡಿಸುವಷ್ಟರಲ್ಲಿ ಮೂರು ಮುದುರುತ್ತವೆ. ಚರ್ಮದ ಜಾಕೆಟ್ಟಿಗೆ ಮಾತ್ರ ಹಬೆ ಸೋಕಿಸಬೇಡ. ಕ್ರಿಮಿ ಸಾಯುತ್ತದೆ, ಒಗೆಯುವುದೇ ಬೇಡ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಅದಕ್ಕೆಂದು ದುಡ್ಡು ಹೆಚ್ಚು ಕೊಡಬೇಡ. ವಾಸನೆ ಸ್ವಲ್ಪ ಹಾರುತ್ತದೆ, ಬೆವರು ಅಲ್ಲೇ ಇರುತ್ತದೆ. ಬೆವರು, ಅರಿಶಿನ, ಕಾಫಿ ಕಲೆಯ ಮೇಲೆ ಹಬೆಯನ್ನಾಗಲಿ ಇಸ್ತ್ರಿಯನ್ನಾಗಲಿ ಹಾಯಿಸಿದರೆ ಕಲೆ ನಾರಿಗೆ ಕಚ್ಚಿಕೊಂಡು ಕೂರುತ್ತದೆ. ಮೊದಲು ಒಗೆ.

ಮುಂದೆ ಸ್ಟೀಮರ್ ಕೊಂಡರೆ ಡಬ್ಬಿಯ ಮೇಲೆ ಎರಡು ಅಂಕಿ ಹುಡುಕು: ನಿಮಿಷಕ್ಕೆ ಎಷ್ಟು ಗ್ರಾಂ ಹಬೆ, ತೊಟ್ಟಿ ಎಷ್ಟು ಮಿಲಿಲೀಟರ್. ಕೈ ಸ್ಟೀಮರಿಗೆ ನಿಮಿಷಕ್ಕೆ 20 ಗ್ರಾಮಿಗಿಂತ ಕಡಿಮೆ ಇದ್ದರೆ ಅದು ಮುಖಕ್ಕೆ ಹಬೆ ತಗೊಳ್ಳಲು ಲಾಯಕ್ಕು. 200 ಮಿಲಿ ತೊಟ್ಟಿ ಆ ಲೆಕ್ಕಕ್ಕೆ ಹತ್ತು ನಿಮಿಷ ಬರುತ್ತದೆ, ಅಂದರೆ ಮೂರು ನಾಲ್ಕು ಕುರ್ತಾ. ತುಂಬಿದ ಮೇಲೆ ಅದರ ತೂಕ ಎತ್ತಿ ನೋಡು. ತೋಳು ಚಾಚಿ ಹಿಡಿಯುವುದು ಪೆಟ್ಟಿಗೆ ತಳ್ಳಿದ ಹಾಗಲ್ಲ. ಬಟ್ಟೆಯ ಕೆಳಗಂಚನ್ನು ಒಂದು ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿದು ಇನ್ನೊಂದು ಕೈಯಲ್ಲಿ ಮೇಲಿನಿಂದ ಕೆಳಕ್ಕೆ ಹಾಯಿಸಬೇಕು. ಎಳೆಯುವ ಕೈಗೆ ದಪ್ಪ ಗವಸು ಹಾಕು. ಉಟ್ಟ ಬಟ್ಟೆಯ ಮೇಲೆ ಹಬೆ ಬಿಟ್ಟುಕೊಳ್ಳುವ ಹುಚ್ಚು ಎಷ್ಟೇ ಅವಸರವಿದ್ದರೂ ಬೇಡ. ಒಂದು ಗ್ರಾಂ ಕುದಿನೀರು ಮೈಗೆ ತಾಗಿ ಮೈಬಿಸಿಗೆ ಇಳಿಯುವಾಗ ಸುಮಾರು 63 ಕ್ಯಾಲೊರಿ ಶಾಖ ಕೊಡುತ್ತದೆ. ಒಂದು ಗ್ರಾಂ ಹಬೆ ಬರೀ ನೀರಾಗಿ ತಿರುಗುವಾಗಲೇ ಸುಮಾರು 540 ಕೊಡುತ್ತದೆ, ಆಮೇಲೆ ಈ 63 ಮೇಲುಖರ್ಚು. ಹಬೆ ಸುಟ್ಟದ್ದು ಬೊಬ್ಬೆಯಾಗಿ ಏಳುವುದು ಅದಕ್ಕೇ.

ಹಬೆ ಹಿಡಿದ ಬಟ್ಟೆಯನ್ನು ಹತ್ತು ನಿಮಿಷ ಹ್ಯಾಂಗರಿನಲ್ಲೇ ಬಿಡು. ತೇವ ಆರದೆ ಉಟ್ಟು ಬಸ್ಸಿನಲ್ಲಿ ಕೂತರೆ ಕೂತ ಆಕಾರವೇ ಹೊಸ ಸುಕ್ಕಾಗುತ್ತದೆ. ಮಳೆಗಾಲದಲ್ಲಿ ಊರಿಗೆ ಬಂದಾಗ ಇನ್ನೂ ಜಾಗ್ರತೆ. ಮಲೆನಾಡಿನ ಕಪಾಟಿಗೆ ಅರೆ ಒಣಗಿದ ಬಟ್ಟೆ ಇಟ್ಟರೆ ನಾಲ್ಕೇ ದಿನದಲ್ಲಿ ಬೂಷ್ಟು.

ಸ್ಟೀಮ್ ಐರನ್ನನ್ನೂ ಸ್ಟೀಮರನ್ನೂ ಕೊಲ್ಲುವುದು ನೀರು. ನೀನಿರುವಲ್ಲಿ ಕಾವೇರಿ ನೀರೋ ಬೋರ್‌ವೆಲ್ ನೀರೋ ಟ್ಯಾಂಕರೋ ಗೊತ್ತಿಲ್ಲದಿದ್ದರೆ ನೀರು ಕಾಯಿಸುವ ಕೆಟಲಿನ ತಳ ನೋಡು. ಬಿಳಿ ಹೊಪ್ಪಳೆ ಕಟ್ಟಿದ್ದರೆ ಆ ನೀರು ಗಡುಸು. ಕಾದಾಗ ಅದರ ಸುಣ್ಣ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಕಾಯುವ ಭಾಗಕ್ಕೂ ಹಬೆಯ ತೂತಿಗೂ ಅಂಟುತ್ತದೆ. ಮೊದಲು ಹಬೆ ಸೊರಗುತ್ತದೆ, ಆಮೇಲೆ ಹನಿ ಉಗುಳುತ್ತದೆ, ಕೊನೆಗೆ ಕಪ್ಪು ಸೀರೆಯ ಮೇಲೆ ಬಿಳಿ ಪುಡಿ. ಫಿಲ್ಟರಿನ ಆರ್‌ಓ ನೀರನ್ನೋ ಡಿಸ್ಟಿಲ್ಡ್ ವಾಟರನ್ನೋ ಹಾಕು. ಬ್ಯಾಟರಿ ಅಂಗಡಿಯಲ್ಲಿ ತರುವುದಾದರೆ ಚೀಟಿ ಎರಡು ಸಲ ಓದು. ಅದೇ ಕಪಾಟಿನಲ್ಲಿ ಬ್ಯಾಟರಿ ಆಸಿಡ್ಡೂ ಇರುತ್ತದೆ. ಏಸಿಯಿಂದ ಸೋರುವ ನೀರು ಬೇಡ, ದೂಳು ಬೂಷ್ಟೆಲ್ಲ ಅದರಲ್ಲೇ. ಅತ್ತರು, ಪನ್ನೀರು ಕೂಡ ತೊಟ್ಟಿಗೆ ಹಾಕಬಾರದು. ಒಳಗೆ ಸುಟ್ಟು ಕಂದು ಕಲೆಯಾಗಿ ಹೊರಬರುತ್ತದೆ.

ಕೆಲಸ ಮುಗಿದ ಮೇಲೆ ಪ್ಲಗ್ ಕಿತ್ತು, ಉಳಿದ ನೀರನ್ನು ಚೆಲ್ಲು. ಅದರದೇ ಬಿಸಿಗೆ ಒಳಗಿನ ತೇವ ತಾನೇ ಆರುತ್ತದೆ. ತಿಂಗಳಿಗೊಮ್ಮೆ ಸ್ಟೀಮ್ ಐರನ್ನಿನ ತೊಟ್ಟಿ ತುಂಬಿ, ಪೂರ್ತಿ ಕಾಯಿಸಿ, ಪ್ಲಗ್ ಕಿತ್ತು, ಬಚ್ಚಲ ಮೇಲೆ ಅಡ್ಡ ಹಿಡಿದು, ಸೆಲ್ಫ್ ಕ್ಲೀನ್ ಗುಂಡಿ ಒತ್ತಿ ಮೆಲ್ಲಗೆ ಕುಲುಕು. ಸುಣ್ಣದ ಚೂರು ಬಿಸಿನೀರಿನೊಂದಿಗೆ ಬೀಳುತ್ತದೆ, ಕಾಲು ದೂರವಿರಲಿ. ಸ್ಟೀಮರಿಗಾದರೆ, ಕೈಪಿಡಿ ಒಪ್ಪಿದರೆ ಮಾತ್ರ, ಬಿಳಿ ವಿನೆಗರ್ ಮತ್ತು ನೀರು ಸಮಸಮ ಹಾಕಿ ಅರ್ಧ ತೊಟ್ಟಿ ಹಬೆಯಾಗಿ ಬಿಟ್ಟು, ಆರಿಸಿ ಅರ್ಧ ಗಂಟೆ ಇಟ್ಟು, ಉಳಿದದ್ದನ್ನು ಚೆಲ್ಲಿ, ಎರಡು ತೊಟ್ಟಿ ಒಳ್ಳೆ ನೀರು ಹಾಯಿಸು. ಕೆಲವು ಕಂಪನಿಗಳು ವಿನೆಗರನ್ನೇ ಬೇಡವೆನ್ನುತ್ತವೆ, ಕೈಪಿಡಿ ಎಸೆಯಬೇಡ. ಇನ್ನೂ ಹೊಸದಾಗಿರುವಾಗಲೇ ಹನಿ ಉಗುಳಿದರೆ ತಪ್ಪು ನಿನ್ನದೇ: ಪೂರ್ತಿ ಕಾಯುವ ಮುಂಚೆ ಗುಂಡಿ ಒತ್ತಿದ್ದೀಯ, ಇಲ್ಲವೇ ಗೆರೆ ಮೀರಿ ತುಂಬಿದ್ದೀಯ, ಇಲ್ಲವೇ ಕೈ ಸ್ಟೀಮರನ್ನು ತೀರಾ ಮಲಗಿಸಿ ಹಿಡಿದಿದ್ದೀಯ. ಸ್ಟೀಮ್ ಐರನ್ನಿಗೂ ಹಾಗೇ, ಒಂದು ಚುಕ್ಕೆಯ ಬಿಸಿಯಲ್ಲಿ ಹಬೆ ಗುಂಡಿ ಒತ್ತಿದರೆ ನೀರು ಹಬೆಯಾಗದೆ ಹಾಗೇ ಸೋರುತ್ತದೆ.

ಏನಾದರೂ ಎಡವಟ್ಟಾದರೆ: ಸಿಂಥೆಟಿಕ್ ಕರಗಿ ತಳಕ್ಕೆ ಅಂಟಿದರೆ ಚಾಕು, ಕಬ್ಬಿಣದ ನಾರು ಹಿಡಿಯಬೇಡ, ಪೆಟ್ಟಿಗೆ ಬೆಚ್ಚಗಿರುವಾಗ ಪ್ಲಗ್ ಕಿತ್ತು ದಪ್ಪ ಹತ್ತಿ ಬಟ್ಟೆಯಿಂದ ಉಜ್ಜು, ಉಳಿದದ್ದನ್ನು ತಣಿದ ಮೇಲೆ ಅಡುಗೆ ಸೋಡಾ ಕಲಸಿದ ಲೇಪದಿಂದ ತಿಕ್ಕಿ ಒರೆಸು. ಕಪ್ಪು ಪ್ಯಾಂಟು ಮೊಣಕಾಲಿನಲ್ಲಿ ಮಿರಮಿರ ಹೊಳೆಯತೊಡಗಿದರೆ ಬಲಮೈ ಮೇಲೇ ಇಸ್ತ್ರಿ ಮಾಡಿದ್ದೀಯ ಎಂದರ್ಥ. ಒದ್ದೆ ಬಟ್ಟೆ ಹಾಕಿ ಹಬೆ ಕೊಟ್ಟು ಒಳ್ಳೆ ಬ್ರಷ್ಷಿನಿಂದ ನಾರೆಬ್ಬಿಸಿದರೆ ಅಷ್ಟಿಷ್ಟು ಸರಿಹೋಗುತ್ತದೆ. ಬಿಳಿ ಹತ್ತಿ ತಿಳಿ ಹಳದಿಯಾದರೆ ಕೂಡಲೇ ನೆನೆಸಿ ನಿಂಬೆರಸ ಹಚ್ಚಿ ಬಿಸಿಲಿಗೆ ಹಾಕು. ಕಂದು ಬಣ್ಣಕ್ಕೆ ಹೋಗಿದ್ದರೆ ನಾರೇ ಸುಟ್ಟಿದೆ, ಕಾಫಿ ಸೋಸಲು ಇಟ್ಟುಕೋ.

ಕರೆಂಟಿನ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಡ. 1000 ವಾಟಿನ ಪೆಟ್ಟಿಗೆ ಅರ್ಧ ಗಂಟೆಗೆ ಹೆಚ್ಚೆಂದರೆ ಅರ್ಧ ಯೂನಿಟ್. ಒಳಗಿನ ಥರ್ಮೋಸ್ಟಾಟ್ ನಡುನಡುವೆ ಆರಿಸುತ್ತಿರುವುದರಿಂದ ಅಷ್ಟೂ ಆಗುವುದಿಲ್ಲ. 1500 ವಾಟಿನ ಸ್ಟೀಮರ್ ಅಷ್ಟೇ ಹೊತ್ತಿಗೆ ಮುಕ್ಕಾಲು ಯೂನಿಟ್. ಗೀಸರ್ ಉರಿಯುತ್ತಿರುವಾಗ ಮಾತ್ರ ಹಾಕಬೇಡ, ಫ್ಯೂಸು ಹೋಗಿ ಪಕ್ಕದ ಕೋಣೆಯವರ ಬೈಗುಳ ಕೇಳಬೇಕಾದೀತು.

ಲಿನನ್ ಸೀರೆ, ದೊಡ್ಡ ಬೆಡ್‌ಶೀಟು, ಗಂಜಿಯ ಪಂಚೆ ಇವನ್ನು ಬೀದಿಯ ಇಸ್ತ್ರಿ ಅಂಗಡಿಗೇ ಕೊಡು. ಆ ಭಾರದ ಪೆಟ್ಟಿಗೆಯ ಕೆಲಸ ನಿನ್ನ ಒಂದು ಕಿಲೋದ್ದಕ್ಕೆ ಬರುವುದಿಲ್ಲ, ಬೆಲೆಯೂ ಹೆಚ್ಚಲ್ಲ. ಕೊಡುವಾಗ ಜರಿ ನಕಲಿಯಿದ್ದರೆ ಬಾಯಿಬಿಟ್ಟು ಹೇಳು.

ಇಂತು ಆಶೀರ್ವಾದಗಳೊಂದಿಗೆ,
ದೊಡ್ಡಮ್ಮ

ತಾ.ಕ.: ಅಮೆರಿಕದಿಂದ ಬರುವ ನಿನ್ನಣ್ಣ ಅಲ್ಲಿಂದಲೇ ಒಂದು ಸ್ಟೀಮರ್ ತರುತ್ತೇನೆ ಎಂದನಂತೆ. ಬೇಡ ಎನ್ನು. ಅಲ್ಲಿನದು 120 ವೋಲ್ಟಿನ ಸಾಮಾನು. ನಮ್ಮ 230ಕ್ಕೆ ಸಿಕ್ಕಿಸಿದರೆ ಸುಮಾರು ಮೂರೂವರೆ ಪಟ್ಟಿಗೂ ಹೆಚ್ಚು ಶಕ್ತಿ ಎಳೆದು ಸುಟ್ಟುಹೋಗುತ್ತದೆ. ಪಿನ್ ಬದಲಿಸುವ ಅಡಾಪ್ಟರ್ ವೋಲ್ಟೇಜ್ ಬದಲಿಸುವುದಿಲ್ಲ. ಎರಡೂ ಕಡೆ ನಡೆಯುವ, ಮೈಮೇಲೆ 100-240 ವೋಲ್ಟ್ ಎಂದು ಬರೆದಿರುವ ಅಥವಾ ವೋಲ್ಟೇಜ್ ಬದಲಿಸುವ ಸ್ವಿಚ್ ಇರುವ ಪ್ರಯಾಣದ ಸ್ಟೀಮರಾದರೆ ತರಲಿ. ಅವನು ಇಲ್ಲಿಂದ ಇಸ್ತ್ರಿ ಪೆಟ್ಟಿಗೆ ಒಯ್ದರೂ ಕಥೆ ತಿರುಗುಮುರುಗು: 1000 ವಾಟಿನದು ಅಲ್ಲಿ 270 ವಾಟಿಗೆ ಇಳಿದು, ಕರವಸ್ತ್ರದ ಸುಕ್ಕೂ ಹೋಗುವುದಿಲ್ಲ.